ಮಾಂಬಳ್ಳಿಯ ಗಟ್ಟಿಮೇಳ

ಮೈಸೂರಿನಿಂದ ಕೊಳ್ಳೇಗಾಲಕ್ಕೆ ಹೊರಟ ಬಸ್ಸಿನಲ್ಲಿ ನನಗೆ ದುಡ್ಡು ಕೊಡುವ ಕೆಲಸವಿರಲಿಲ್ಲ, ನನ್ನ ಪೆಟ್ಟಿಗೆಗೆ ಇತ್ತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾದ ಮೇಲೆ ನಾನು ಈ ದಾರಿಯಲ್ಲಿ ಬಂದದ್ದು ಇದೇ ಮೊದಲು. ಕಂಡಕ್ಟರ್ ಸೊನ್ನೆ ರೂಪಾಯಿಯ ಚೀಟಿ ಕೊಟ್ಟು, ನನ್ನ ಕಾಲ ಬಳಿ ಇದ್ದ ಕಪ್ಪು ಪೆಟ್ಟಿಗೆಯನ್ನು ನೋಡಿ, "ಇದಕ್ಕ ಲಗೇಜ್ ಆಯ್ತದ ಮೇಡಂ" ಎಂದ.

ಹಿಂದಿನ ಸೀಟಿನಲ್ಲಿ ಸೊಪ್ಪಿನ ಮಂಕರಿ ಇಟ್ಟುಕೊಂಡು ಕೂತಿದ್ದ ಅಜ್ಜಿ ನನ್ನ ಪರ ವಹಿಸಿದಳು. "ಪೆಟ್ಗನೂ ಎಣ್ಣು ಅಂತ ಬರ್ಕೊ ಕಣಪ್ಪ. ನಿನ್ ಗಂಟೇನ್ ಓಯ್ತದ?"

"ಆಧಾರ್ ಕಾರ್ಡ್ ತೋರ್ಸ್ಲಿ, ಬರ್ಕತೀನಿ ಕಣಜ್ಜಿ" ಎಂದ ಅವನು, ನನ್ನಿಂದ ದುಡ್ಡು ಇಸಿದುಕೊಳ್ಳುತ್ತ. "ಒಳಗೇನದ?"

"ಸ್ಯಾಕ್ಸೋಫೋನ್."

"ವಾಲಗದ್ದಾ?"

ಹೌದು ಎಂದೆ. ಬೇರೆ ಉತ್ತರವೂ ಇತ್ತು. ಅದಕ್ಕೆ ನರಸೀಪುರದವರೆಗೆ ಮಾತಾಡಬೇಕಾಗುತ್ತಿತ್ತು.

ಬೇರೆ ಉತ್ತರ ಇದು. ನಾನು ಜಾಝ್ ನುಡಿಸುತ್ತೇನೆ. ಪತ್ರಿಕೆಯವರು ಬಂದಾಗ 'ಮೊದಲ ಮಹಿಳೆ' ಎಂದು ಬರೆದುಕೊಂಡು ಹೋಗುತ್ತಾರೆ. ಯಾವುದರಲ್ಲಿ ಮೊದಲು, ಎಲ್ಲಿಂದ ಎಲ್ಲಿಯವರೆಗೆ ಎಣಿಸಿದರೆ ಮೊದಲು ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕೊಳ್ಳೇಗಾಲದ ವಾಲಗದವರ ಜೊತೆ ಲಂಗ ತೊಟ್ಟು ಸ್ಯಾಕ್ಸೋಫೋನ್ ಹಿಡಿದು ಕೂತ ಹುಡುಗಿ ನನಗಿಂತ ಮುಂಚೆ ಇದ್ದಳೆಂದು ಮಾತ್ರ ಯಾರೂ ಹೇಳಿದ್ದು ಕೇಳಿಲ್ಲ. ನಮ್ಮಪ್ಪ ರೇಷ್ಮೆಗೂಡಿನ ವ್ಯಾಪಾರಿ. ನಮ್ಮ ಜನ ವಾಲಗದವರನ್ನು ಕರೆಸುವವರೇ ಹೊರತು ಅವರ ಜಮಖಾನದ ಮೇಲೆ ಕೂರುವವರಲ್ಲ. ಹಿಂದಿನ ಬೀದಿಯ ವಾಲಗದ ಮಾದಯ್ಯ ಮೇಷ್ಟ್ರು ಸಂಜೆ ಸ್ಯಾಕ್ಸೋಫೋನ್ ಹಿಡಿದು ಅಭ್ಯಾಸಕ್ಕೆ ಕೂತಾಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಒಂದು ದಿನ ಅವರು ಬಾ ಎಂದರು, ಹೋದೆ. ಮನೆಯಲ್ಲಿ ಜಗಳವಾಯಿತು. ಅಪ್ಪ ಸುಮ್ಮನಾದದ್ದು ಯಾಕೆಂದು ಈವತ್ತಿಗೂ ಗೊತ್ತಿಲ್ಲ, ಕೇಳುವ ಹೊತ್ತಿಗೆ ಅವರಿರಲಿಲ್ಲ.

ಜಾಝ್ ಬಂದದ್ದು ಮೈಸೂರಿನಲ್ಲಿ, ಇತಿಹಾಸದ ಎಂ.ಎ. ಓದುವಾಗ. ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಫ್ರೆಡ್ಡಿ ಅಂಕಲ್ ಬೆಂಗಳೂರಿನ ಹೋಟೆಲೊಂದರ ಬ್ಯಾಂಡಿನಲ್ಲಿ ಪಿಯಾನೊ ನುಡಿಸಿ ನಿವೃತ್ತರಾದವರು. ನಾನು ಊದುವುದನ್ನು ಮಹಡಿ ಮೆಟ್ಟಿಲಿನಲ್ಲಿ ನಿಂತು ಕೇಳಿ, ಕ್ಯಾಸೆಟ್ಟುಗಳನ್ನು ಕೊಟ್ಟರು, ತಪ್ಪು ತಿದ್ದಿದರು, ತಮ್ಮ ಗೆಳೆಯರ ನಡುವೆ ಕೂರಿಸಿದರು. "ಎಲ್ಲರೂ ಊದುವಾಗ ಕಣ್ಣು ಮುಚ್ಚುತ್ತಾರೆ. ನೀನು ಪಕ್ಕದವರ ಕೈಯನ್ನೇ ನೋಡುತ್ತೀಯ. ಜಾಝ್‌ಗೆ ಬೇಕಾದದ್ದು ಅದು. ಎಲ್ಲಿ ಕಲಿತೆ?" ಎಂದು ಕೇಳಿದರು. ಆಗ ನಾನು ಮಾಂಬಳ್ಳಿಯ ಕಥೆ ಹೇಳಿದೆ. ಆಮೇಲೆ ಎಷ್ಟೋ ವೇದಿಕೆಗಳ ಮೇಲೆ ಅದನ್ನೇ ಹೇಳಿದ್ದೇನೆ.

ಕಥೆ ಹೀಗೆ: ನನಗೆ ಹನ್ನೆರಡು ವರ್ಷ. ಮಾಂಬಳ್ಳಿಯಲ್ಲಿ ದೊಡ್ಡ ಮನೆಯ ಮದುವೆ. ಮೇಳದ ಎರಡನೆಯ ಸ್ಯಾಕ್ಸೋಫೋನಿನವರಿಗೆ ಜ್ವರ ಬಂದು ಆ ವಾದ್ಯ ನನ್ನ ಕೈಗೆ ಬಂದಿತ್ತು. ಮುಹೂರ್ತದ ಹೊತ್ತಿಗೆ ಹಿರಿಯರೊಬ್ಬರು ಗಟ್ಟಿಮೇಳಕ್ಕೆ ಸನ್ನೆಯಾಗಿ ಬೆರಳೆತ್ತಿದರು. ಮೇಷ್ಟ್ರು ತಾವು ಊದದೆ ನನ್ನ ಕಡೆ ತಲೆಯಾಡಿಸಿದರು. ನಾನು ಗಟ್ಟಿಮೇಳ ಎತ್ತಿದೆ. ಡೋಲು ಹಿಂದೆ ಬಂತು, ಅಕ್ಷತೆ ಬಿತ್ತು. ವಾಪಸು ಬರುವಾಗ ವ್ಯಾನಿನಲ್ಲಿ ಮೇಷ್ಟ್ರು "ಚೆನ್ನಾಗಿ ಊದ್ದೆ ಕೂಸು" ಎಂದರು.

ಆ ದಿನ ಅವರು ನುಡಿಸಿದ ಒಂದು ಪಲುಕು, ಮೇಲಿನಿಂದ ಇಳಿದು ನಡುವೆ ತಿರುಗಿ ಮತ್ತೆ ಏರುವಂಥದ್ದು, ನನ್ನ ತಲೆಯಲ್ಲಿ ಉಳಿದುಬಿಟ್ಟಿತ್ತು. ಮುಂದಿನ ವಾರ ಧ್ವನಿಮುದ್ರಣವಾಗಬೇಕಿರುವ ನನ್ನ ಆಲ್ಬಮ್ಮಿನ ಮೊದಲ ರಚನೆ ನಿಂತಿರುವುದೇ ಅದರ ಮೇಲೆ. ರಚನೆಕಾರರ ಜಾಗದಲ್ಲಿ ಮೇಷ್ಟ್ರ ಹೆಸರು ಹಾಕುತ್ತೇನೆಂದು ಫೋನ್ ಮಾಡಿ, ಅದನ್ನು ಹಾಡಿ ತೋರಿಸಿದೆ. ಅವರು ಇನ್ನೊಮ್ಮೆ ಹಾಡಿಸಿದರು. ಆಮೇಲೆ, "ಅದು ನಂದಲ್ಲ ಕನವ್ವ. ನನ್ ಎಸ್ರು ಆಕ್ಬ್ಯಾಡ. ಫೋನ್ನಲ್ಲಿ ಯೋಳದಲ್ಲ, ಬಾ" ಎಂದರು. ಅವರದಲ್ಲದಿದ್ದರೆ ಯಾರದು? ನನ್ನ ನೆನಪಿನ ಯಾವ ಭಾಗ ಸುಳ್ಳು? ಹೆಸರು ಸರಿಯಾಗಿ ಗೊತ್ತಾಗದೆ ನಾನು ಅದನ್ನು ಮುದ್ರಿಸುವಂತಿರಲಿಲ್ಲ. ಆಷಾಢವಾದ್ದರಿಂದ ಮದುವೆಗಳಿಲ್ಲ, ವಾಲಗದವರು ಮನೆಯಲ್ಲೇ ಸಿಗುತ್ತಾರೆ. ಮೇಷ್ಟ್ರು ಈಗ ಹನೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರನ್ನು ಕಾಣುವ ಮುಂಚೆ, ಆ ಮದುವೆಯಲ್ಲಿದ್ದ ಬೇರೆ ಇಬ್ಬರನ್ನಾದರೂ ಕೇಳಿಕೊಳ್ಳೋಣ ಎಂದು ಎರಡು ದಿನ ಇಟ್ಟುಕೊಂಡು ಹೊರಟಿದ್ದೆ. ಇತಿಹಾಸ ಓದಿದವಳಿಗೆ ಒಂದೇ ಸಾಕ್ಷಿಯನ್ನು ನಂಬಲು ಕಷ್ಟ. ಆ ಒಂದು ಸಾಕ್ಷಿ ನಾನೇ ಆಗಿದ್ದರೆ ಇನ್ನೂ ಕಷ್ಟ.

ನರಸೀಪುರದಲ್ಲಿ ಕಪಿಲೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಅದನ್ನು ದಾಟಿದ ಮೇಲೆ ಮಳೆಯ ಸುಳಿವಿರಲಿಲ್ಲ, ಗಾಳಿ ಮಾತ್ರ. ಕಬ್ಬಿನ ಗದ್ದೆಗಳು ಒಂದೇ ಕಡೆಗೆ ಬಾಗಿದ್ದವು. ಒಂಬತ್ತೂವರೆಗೆ ಕೊಳ್ಳೇಗಾಲದಲ್ಲಿ ಇಳಿದು, ಬಸ್ ನಿಲ್ದಾಣದ ಎದುರು ಇಡ್ಲಿ ತಿಂದು, ರೇಷ್ಮೆಗೂಡಿನ ಮಾರುಕಟ್ಟೆಯ ಕಡೆ ನಡೆದೆ. ಬೀದಿಯ ತಿರುವಿಗೆ ಬಂದ ಕೂಡಲೇ ಗೂಡು ಬೇಯಿಸುವ ವಾಸನೆ ಬಂತು. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ, ನನಗೆ ಹಸಿವಾಗುತ್ತದೆ. ಶಾಲೆಯಿಂದ ಬರುವ ಹೊತ್ತಿಗೆ ಬರುತ್ತಿದ್ದ ವಾಸನೆ ಅದು.

ಡೋಲು ಬಾರಿಸುತ್ತಿದ್ದ ಸಿದ್ದರಾಜಣ್ಣ ಮಾರುಕಟ್ಟೆ ಪಕ್ಕದ ಟೀ ಅಂಗಡಿಯಲ್ಲಿ ಸಿಕ್ಕರು. ಎಡಗೈ ಬೆರಳುಗಳು ಇನ್ನೂ ಬೆಂಚಿನ ಮೇಲೆ ತಾವಾಗಿ ಆಡುತ್ತಿದ್ದವು. ನನ್ನನ್ನು ಗುರುತು ಹಿಡಿದು, ಟೀಗೆ ಹೇಳಿ, ಮಾಂಬಳ್ಳಿ ಎಂದ ಕೂಡಲೇ ನಕ್ಕರು.

"ಗಟ್ಟಿಮೇಳ ನೀನು ಎತ್ತಿದ್ಯಾ? ಯಾರವ್ವ ಯೋಳ್ದೋರು? ನಾನ್ ಕಣಮ್ಮ ಮೊದ್ಲು ಬಾರ್ಸಿದ್ದು. ಡೋಲು ಬೀಳ್ದೆ ಗಟ್ಟಿಮೇಳ ಎಲ್ಲಾರ ಆದದ?"

ಪಕ್ಕದಲ್ಲಿ ಕೂತಿದ್ದ ಅವರ ಗೆಳೆಯ ಬೀಡಿ ಹಚ್ಚುತ್ತ, "ಇವ್ನ ಕೇಳ್ಬ್ಯಾಡಿ ಮೇಡಂ. ಇವ್ನ್ ಬಾರ್ಸ್ನಿಲ್ಲ ಅಂದ್ರ ಕೊಳ್ಳೇಗಾಲ್ದಲ್ಲಿ ಯಾರ್ಗೂ ಮದ್ವನೇ ಆಯ್ತಿರ್ನಿಲ್ಲ" ಎಂದ.

"ನಿನ್ ಮದ್ವ ನೆನಸ್ಕಂಡು ಮಾತಾಡ್ಲಾ" ಎಂದರು ಸಿದ್ದರಾಜಣ್ಣ. ಆಮೇಲೆ ಟೀ ಲೋಟವನ್ನು ಸುತ್ತು ತಿರುಗಿಸುತ್ತ ಸ್ವಲ್ಪ ಗಂಭೀರವಾದರು. "ಒಂದ್ ಮಾತ್ರ ನಿಜ ಕೂಸು. ಆವತ್ತಿನ ಗಟ್ಟಿಮೇಳ ಬಾಳ ಉದ್ದ ಆಗೋಯ್ತು. ನನ್ ಕೈ ಬಿದ್ದೋಯ್ತು. ಯಾಕ ಅಷ್ಟ್ ಉದ್ದ ಅಂತ ಮಾದಯ್ಯಂಗೇ ಗೊತ್ತು. ಅದಾದ್ಮ್ಯಾಲ ಮಾಂಬಳ್ಳಿ ದೊಡ್ ಮನೆಯೋರು ನಮ್ನ ಮತ್ತ ಕರೀನೇ ಇಲ್ಲ."

ಕರೆಯಲಿಲ್ಲ ಎಂಬುದು ನನಗೆ ಗೊತ್ತೇ ಇರಲಿಲ್ಲ. ನನ್ನ ಕಥೆಯಲ್ಲಿ ಆ ಮದುವೆ ನಮ್ಮ ಮೇಳದ ದೊಡ್ಡ ಗೆಲುವು.

ಯಳಂದೂರಿನ ಬಸ್ಸಿನಲ್ಲಿ ಮಾಂಬಳ್ಳಿಗೆ ಹತ್ತು ಕಿಲೋಮೀಟರಿನ ಆಸುಪಾಸು. ದಾರಿಯುದ್ದಕ್ಕೂ ತೆಂಗು, ಹಿಪ್ಪುನೇರಳೆ, ನಾಟಿಗೆ ಕಾಯುತ್ತಿದ್ದ ಗದ್ದೆ. ಊರಲ್ಲಿ ಇಳಿದು ಚಪ್ಪರ ಹಾಕಿದ್ದ ಜಾಗ ಹುಡುಕಿದೆ. ನನ್ನ ನೆನಪಿನಲ್ಲಿ ಅದು ದೊಡ್ಡ ಬಯಲು, ಒಂದು ಬದಿಗೆ ಬೇವಿನ ಮರ. ಸಿಕ್ಕಿದ್ದು ಎರಡು ಟ್ರ್ಯಾಕ್ಟರ್ ನಿಲ್ಲುವಷ್ಟು ಅಂಗಳ. ಮರ ಇತ್ತು, ಬೇವಲ್ಲ, ಹೊಂಗೆ. ಮನೆಯವರು ಎಲ್ಲೋ ಹೋಗಿದ್ದರು. ಪಕ್ಕದ ಮನೆಯ ಹೆಂಗಸು ಕುಡಿಯಲು ಮಜ್ಜಿಗೆ ಕೊಟ್ಟು, ಆ ಮದುವೆಯ ಹೆಣ್ಣು ಗೌರಮ್ಮ ಯಳಂದೂರಿನಲ್ಲೇ ಇರುವುದಾಗಿ ಹೇಳಿ, ಬೀದಿಯ ಗುರುತನ್ನೂ ಕೊಟ್ಟಳು. ಎಲ್ಲಿಂದ ಬಂದಿರಿ, ಯಾರು ಎಂದು ಕೇಳಿದ್ದು ಮಜ್ಜಿಗೆ ಕುಡಿದಾದ ಮೇಲೆ.

ಗೌರಮ್ಮನವರಿಗೆ ಐವತ್ತು ದಾಟಿದೆ. ಗಂಡ ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ನಾನು ಹೋದಾಗ ಜಗಲಿಯಲ್ಲಿ ಅವರೆಕಾಳು ಹಸನು ಮಾಡುತ್ತಿದ್ದರು. ವಾಲಗದಲ್ಲಿ ಕೂತಿದ್ದ ಹುಡುಗಿ ನಾನು ಎಂದಾಗ ಮೊರ ಪಕ್ಕಕ್ಕಿಟ್ಟು ನೋಡಿದರು.

"ಲಂಗ ಆಕಂಡಿದ್ದ ಕೂಸಾ? ಅಯ್ಯೋ ಬಾರವ್ವ, ಕೂತ್ಕೊ. ನನ್ ಮದ್ವ ಎರಡ್ ಸಲ ಆಯ್ತು, ಗೊತ್ತಾ ನಿಂಗ?"

ಅವರು ಹೇಳಿದ್ದನ್ನು ಸಂಜೆ ಲಾಡ್ಜಿಗೆ ಬಂದು ಬರೆದುಕೊಂಡಂತೆ ಕೊಡುತ್ತಿದ್ದೇನೆ. ಹಸೆಮಣೆಯ ಮುಂದೆ ಫೋಟೋದವನು ಅಡ್ಡ ನಿಂತಿದ್ದ. ಗೌರಮ್ಮನ ಸೋದರಮಾವ ಅವನಿಗೆ ಆಚೆ ಸರಿ ಎಂದು ಕೈ ಎತ್ತಿದರು. ವಾಲಗದವರು ಅದನ್ನು ಮುಹೂರ್ತದ ಬೆರಳೆಂದುಕೊಂಡು ಗಟ್ಟಿಮೇಳ ಶುರು ಮಾಡಿಬಿಟ್ಟರು. ಗಟ್ಟಿಮೇಳ ಕೇಳಿದ ಮೇಲೆ ಜನ ಕಾಯುತ್ತಾರೆಯೆ? ಇಡೀ ಚಪ್ಪರ ಅಕ್ಷತೆ ಎರಚಿತು. ತಾಳಿ ಇನ್ನೂ ತಟ್ಟೆಯ ತೆಂಗಿನಕಾಯಿಯ ಮೇಲಿತ್ತು, ಹಿರಿಯರ ಕೈ ಮುಟ್ಟಿಸಿಕೊಂಡು ಬರಲು ಯಾರೋ ಒಯ್ದಿದ್ದರು.

"ನಮ್ಮತ್ತ ಮೊಕ ನೋಡ್ಬೇಕಿತ್ತು. ಅಪಶಕುನ ಅಂತ ಅಳಾಕ್ ಶುರು ಮಾಡುದ್ರು. ತಟ್ಟ ಓಡ್ಕ ಬಂತು. ಆದ್ರ ಮೇಳ ನಿಲ್ನೇ ಇಲ್ಲ ಕನವ್ವ. ಅದೇನ್ ಊದ್ದ್ನೋ ಮಾದಯ್ಯ, ಉಸ್ರು ಕಟ್ಟಿ ಊದ್ತಾನೇ ಅವ್ನ. ಶಾಸ್ತ್ರ ಮಾಡ್ಸೋ ಅಯ್ನೋರು, 'ಗಟ್ಟಿಮೇಳ ನಡೀತಾ ಅದ, ಕಟ್ಟಪ್ಪ, ಕಟ್ಟು' ಅಂದ್ರು. ಇವ್ರು ಕಟ್ಟುದ್ರು. ಅಕ್ಸತ ಎಲ್ಲ ಮುಗ್ದೋಗಿತ್ತು, ಅಡ್ಗ ಚಪ್ಪರದಿಂದ ಬರೀ ಅಕ್ಕಿ ತಂದು ಉಯ್ದ್ರು. ಅರ್ಶ್ಣನೂ ಇಲ್ಲ, ಏನಿಲ್ಲ. ಅನ್ನದಕ್ಕಿ."

ಅಂಗಡಿಯಿಂದ ಊಟಕ್ಕೆ ಬಂದ ಗಂಡ ಚಪ್ಪಲಿ ಬಿಡುತ್ತ, "ಅದ್ಕೇ ಇವತ್ಗೂ ಅನ್ನ ಕಮ್ಮಿ ಮಾಡಾಕಿಲ್ಲ ಇವ್ಳು" ಎಂದರು.

"ಬಡ್ಸದ ತಿಂತೀರಾ, ಮಾತಾಡ್ತೀರಾ?"

ನನಗೂ ಬಡಿಸಿದರು. ಮುದ್ದೆ, ಉಪ್ಪೆಸರು, ಖಾರ. ಊಟದ ನಡುವೆ ಗೌರಮ್ಮ ಹೇಳಿದರು: ಮದುವೆಯ ಮಧ್ಯಾಹ್ನ ಹಿರಿಯರು ಮೇಳದವರನ್ನು ಕರೆದು ಯಾರು ಮೊದಲು ಊದಿದ್ದು ಎಂದು ಕೇಳಿದರಂತೆ. ಮಾದಯ್ಯ ಮುಂದೆ ಬಂದು ನಾನೇ, ಅವಸರ ಮಾಡಿದೆ ಎಂದರಂತೆ. ಆ ಮನೆಯ ಬಾಗಿಲಿಗೆ ಇನ್ನು ಬರಬೇಡ ಎಂದು ಕಳಿಸಿದರಂತೆ. "ಪಾಪ, ನಂಗ ಅವ್ನ ಮ್ಯಾಲ ಸಿಟ್ಟಿಲ್ಲ. ನಮ್ಮತ್ತ ಒಂದೆರಡ್ ವರ್ಸ ಆಡ್ಕಂಡ್ರು, ಮಗ ಉಟ್ಟ್ಮ್ಯಾಲ ಸುಮ್ನಾದ್ರು."

ಆ ಗಟ್ಟಿಮೇಳವನ್ನು ಎತ್ತಿದವಳು ನಾನು. ಸಿದ್ದರಾಜಣ್ಣ ಏನೇ ಹೇಳಲಿ, ನನ್ನ ನೆನಪಿನಲ್ಲಿ ಉಳಿದೆಲ್ಲ ಸುಳ್ಳಾಗಲಿ, ನನ್ನ ತುಟಿಗೆ ಆ ಮೊದಲ ಸ್ವರ ತಾಗಿದ್ದು ಸುಳ್ಳಲ್ಲ. ಹಾಗೆಂದು ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ಮಾದಯ್ಯ ಮೇಷ್ಟ್ರು ಯಾಕೆ ಹಾಗೆ ಹೇಳಿದರೆಂದು ಅವರ ಬಾಯಲ್ಲೇ ಕೇಳದೆ, ಅವರ ಮಾತನ್ನು ಅವರಿಲ್ಲದ ಕಡೆ ಮುರಿಯುವುದು ಸರಿಯೆ ಎಂದು ತಿಳಿಯಲಿಲ್ಲ. ಗೌರಮ್ಮನವರ ಫೋನ್ ನಂಬರ್ ಪಡೆದು ಬಂದೆ.

ಮಾರನೆಯ ಬೆಳಿಗ್ಗೆ ಕೊಳ್ಳೇಗಾಲದಿಂದ ಹನೂರಿಗೆ ಹೊರಟೆ. ಇಪ್ಪತ್ತೈದು ಕಿಲೋಮೀಟರ್ ಇರಬಹುದು. ಬಸ್ಸಿನ ತುಂಬ ಬೆಟ್ಟದ ದೇವರಿಗೆ ಹೋಗುವ ಜನ, ಗಡಿಯ ಪಾಲಾರ್ ಕಡೆಯವರ ತಮಿಳು, ಎರಡೂ ಭಾಷೆಯಲ್ಲಿ ಸೀಟಿಗಾಗಿ ಜಗಳ. ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಕ್ಕೆ ಈ ಕಂಡಕ್ಟರ್ ಲಗೇಜ್ ಕೇಳಲಿಲ್ಲ. ಹನೂರು ಹತ್ತಿರವಾದಂತೆ ಬೆಟ್ಟಗಳ ಸಾಲು ನೀಲಿಯಾಗಿ ಎದ್ದು ನಿಂತಿತು.

ಮೇಷ್ಟ್ರ ಮಗಳು ಲತಾ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಅಂಗಡಿಯ ಒಳಗೇ ಮನೆ. ಮೇಷ್ಟ್ರು ಮಂಚದ ಮೇಲೆ ಕೂತಿದ್ದರು. ಹಲ್ಲೆಲ್ಲ ಹೋಗಿದೆ. ಕಟ್ಟಿಸಿದ ಹಲ್ಲು ನೀರಿನ ಲೋಟದಲ್ಲಿತ್ತು. ನನ್ನನ್ನು ಕಂಡು ಅದನ್ನು ತೊಟ್ಟುಕೊಳ್ಳಲು ಹೋಗಿ, ಬಿಟ್ಟರು.

"ಬುಡು, ನಿನ್ ಮುಂದ ಯಾಕ. ಅದ್ನ ಆಕಂಡು ಊದಾಕಾಗಕಿಲ್ಲ, ಮಾತೂ ಆಡಾಕಾಗಕಿಲ್ಲ. ಬರೀ ತಿನ್ನಾಕ."

ನಾನು ಹಣ್ಣಿನ ಚೀಲ ಕೊಟ್ಟು ಕಾಲು ಮುಟ್ಟಿದೆ. ಏನೇನೋ ಮಾತಾಡಿ ಹೊತ್ತು ಕಳೆಯಲು ನನ್ನಿಂದಾಗಲಿಲ್ಲ. ಯಳಂದೂರಿಗೆ ಹೋಗಿದ್ದೆ, ಗೌರಮ್ಮ ಎಲ್ಲ ಹೇಳಿದರು, ಮೊದಲು ಊದಿದವಳು ನಾನಲ್ಲವೆ ಎಂದೆ.

"ಹೂಂ, ನೀನೇ."

"ನೀವು ತಲೆಯಾಡಿಸಿದಿರಿ ಎಂದುಕೊಂಡಿದ್ದೆ."

"ಆಡ್ಸ್ದೆ. ಬ್ಯಾಡ ಅಂತ ಆಡ್ಸ್ದೆ." ಅವರು ಬೊಚ್ಚು ಬಾಯಲ್ಲಿ ನಕ್ಕರು. "ಆ ಸೋದರಮಾವ ಕೈ ಎತ್ತುದ್ದೇ ತಡ, ನೀನು ಕಣ್ ಅಗಲ ಮಾಡ್ಕಂಡು ವಾದ್ಯ ಎತ್ಕಂಡ. ನಾ ತಿರುಗೋದ್ರಲ್ಲಿ ಊದ್ಬುಟ್ಟಿದ್ದ. ಅದೂ ನೆಟ್ಗ ಇಲ್ಲ. ಬಾಯಿ ಒಣಗಿತ್ತು ನಿಂಗ. ಮ್ಯಾಲಿಂದ ಎತ್ತಿ, ಜಾರಿ, ಎಲ್ಗೋ ಬಿದ್ದು, ಮತ್ತ ಎದ್ದ. ಸಿದ್ದ ಕಣ್ ಮುಚ್ಕಂಡು ಡೋಲು ಬಡ್ದ. ನಿಲ್ಸು ಅಂದ್ರ ಇಡೀ ಚಪ್ರಕ್ಕ ಗೊತ್ತಾಗೋದು, ಎಣ್ಮಗ ಊದಿ ಮದ್ವ ಕೆಡ್ಸ್ತು ಅಂತ. ಆಮ್ಯಾಲ ನಿನ್ನ ವಾದ್ಯ ಮುಟ್ಟಾಕ್ ಬುಟ್ಟಿದ್ರಾ ನಿಮ್ಮನೇಲಿ? ಅದ್ಕ ನಾನೂ ಅದ್ನೇ ಊದ್ದೆ. ನೀನು ಜಾರ್ದ ಜಾಗದಲ್ಲೇ ಜಾರ್ದೆ. ಮತ್ತ ಜಾರ್ದೆ, ಇನ್ನೊಂದ್ ಸಲ ಜಾರ್ದೆ. ಬೇಕು ಅಂತ್ಲೇ ಊದ್ತಾವ್ರ ಅಂತ ಅನ್ಸ್ಬೇಕಲ್ಲ ಜನಕ್ಕ. ತಾಳಿ ಬೀಳೋವರ್ಗೂ ಎಳ್ದೆ."

ನಾನು ವೇದಿಕೆಯ ಮೇಲೆ ನನ್ನ ಬ್ಯಾಂಡಿನ ಹುಡುಗರಿಗೆ ಹೇಳಿಕೊಡುವುದು ಇದನ್ನೇ: ಜೊತೆಯವರ ಕೈ ತಪ್ಪಿದರೆ ಮುಖ ತಿರುಗಿಸಬೇಡಿ, ಆ ಸ್ವರವನ್ನು ಎತ್ತಿಕೊಳ್ಳಿ. ಎಲ್ಲೋ ಫ್ರೆಡ್ಡಿ ಅಂಕಲ್ ಹತ್ತಿರ ಕಲಿತೆನೆಂದು ತಿಳಿದಿದ್ದೆ.

"ಮತ್ತೆ ವ್ಯಾನಿನಲ್ಲಿ ಚೆನ್ನಾಗಿ ಊದಿದೆ ಎಂದಿರಲ್ಲ?"

"ಅನ್ನದ್ ಮತ್ತೇನು? ನಿಂಗ ಏನೂ ತಿಳೀನಿಲ್ಲ. ಗೆದ್ದೋರಂಗ ಕೂತಿದ್ದ. ಬೆಳಿಗ್ಗ ಮತ್ತ ಬತ್ತೀಯೋ ಇಲ್ವೋ ಅನ್ನದೊಂದೇ ನಂಗಿದ್ ಯೋಚ್ನ."

ನನ್ನ ನೆನಪನ್ನು ಅನುಮಾನಿಸುವುದು ನನ್ನ ಅಭ್ಯಾಸ. ಅದು ನನ್ನನ್ನು ಹೊಗಳಿಕೊಳ್ಳಲು ಕಥೆ ಕಟ್ಟುತ್ತದೆ ಎಂದು ನಂಬಿದ್ದೆ. ಈ ಒಂದು ಕಥೆಯನ್ನು ಅದು ಕಟ್ಟಿರಲಿಲ್ಲ. ವ್ಯಾನಿನಲ್ಲಿ ಒಬ್ಬರು ಕೊಟ್ಟಿದ್ದನ್ನು ಕೊಟ್ಟ ಹಾಗೆಯೇ ಇಟ್ಟುಕೊಂಡಿತ್ತು. ಆ ಸುಳ್ಳಿಲ್ಲದಿದ್ದರೆ ನಾನು ಮಾರನೆಯ ದಿನ ಅವರ ಬಾಗಿಲಿಗೆ ಹೋಗುತ್ತಿರಲಿಲ್ಲ. ಮೈಸೂರಿಗೆ ವಾದ್ಯ ಒಯ್ಯುತ್ತಿರಲಿಲ್ಲ. ಅವರಿಗೆ ಒಂದು ಊರಿನ ಮದುವೆಗಳೇ ತಪ್ಪಿಹೋದವು, ಅದನ್ನು ಅವರು ಮಾತಿನ ನಡುವೆ ಕೂಡ ಎತ್ತಲಿಲ್ಲ.

ಲತಾ ಹೊಲಿಗೆ ನಿಲ್ಲಿಸಿ ಕಾಫಿ ತಂದಳು. "ಆ ಪೆಟ್ಗ ತಗೀರಕ್ಕ. ನಿನ್ನೆಯಿಂದ ಅದನ್ನೇ ಕಾಯ್ತಾ ಕೂತವ್ರ, ಬಾಯಲ್ಲಿ ಮಾತ್ರ ಯೋಳಾಕಿಲ್ಲ" ಎಂದಳು.

ನಾನು ಆ ಪಲುಕನ್ನು ನುಡಿಸಿದೆ. ಮುಂದಿನ ವಾರ ಮುದ್ರಿಸಬೇಕಾದ ಹಾಗೆಯೇ. ಮೇಷ್ಟ್ರು ತೊಡೆಯ ಮೇಲೆ ತಾಳ ಹಾಕುತ್ತ ಕೇಳಿ, ನಡುವೆಯೇ ಕೈ ಅಡ್ಡ ಮಾಡಿದರು.

"ಇದು ಅದಲ್ಲ. ಬಾಳ ನುಣ್ಣಗ ಮಾಡ್ಬುಟ್ಟಿದ್ದೀಯ. ಇಲ್ಲಿ ತಿರುಗ್ತೀಯಲ್ಲ, ತಿರುಗ್ನಿಲ್ಲ ಕನವ್ವ ನೀನು ಆವತ್ತು. ಬಿದ್ದ. ಬಿದ್ದು ಎದ್ದ." ಹಲ್ಲಿಲ್ಲದ ಬಾಯಲ್ಲಿ ಹಾಡಿ ತೋರಿಸಿದರು. ಸ್ವರ ಜಾರುವ ಕಡೆ ಅವರ ತುಟಿಗಳೂ ಒಳಕ್ಕೆ ಜಾರಿ, ಗಾಳಿ ಮಾತ್ರ ಬಂತು. ನಾನು ಮತ್ತೆ ನುಡಿಸಿದೆ. ಇನ್ನೂ ಎಂದರು. ಮತ್ತೆ ನುಡಿಸಿದೆ. ಇಷ್ಟು ವರ್ಷ ನುಡಿಸಿ ನುಡಿಸಿ ಸವೆಸಿದ್ದ ಆ ಜಾಗ ಒರಟಾಗಿ ಎದ್ದು ಬಂದಾಗ ಮಂಚದ ಕಟ್ಟು ತಟ್ಟಿ, "ಹಾಂ, ಅಲ್ಲಿ" ಎಂದರು.

ಹೆಸರಿನ ಮಾತಿಗೆ ಅವರು ಸುಲಭಕ್ಕೆ ಒಪ್ಪಲಿಲ್ಲ. ಎತ್ತಿದ್ದು ನೀನು, ನಿನ್ನ ಹೆಸರೇ ಇರಲಿ ಎಂದರು. ನಾನು ಎತ್ತಿ ಬೀಳಿಸಿದ್ದನ್ನು ಹಿಡಿದದ್ದು ನೀವು ಎಂದೆ. ಕೊನೆಗೆ ಲತಾ ಹೊಲಿಗೆ ಯಂತ್ರದ ಹಿಂದಿನಿಂದ, "ಇಬ್ರುದೂ ಆಕಿ, ಮುಗೀಲಿ. ಮಾಂಬಳ್ಳೀಲೂ ಇಬ್ರೂ ಸೇರೇ ಊದುದ್ರಲ್ಲ" ಎಂದಳು. ಮೇಷ್ಟ್ರು ನನ್ನ ಕಡೆ ಕೈ ತೋರಿಸಿದರು. "ಮೊದ್ಲು ಇವ್ಳದು. ಮೊದ್ಲು ಊದ್ದೋಳು ಇವ್ಳು. ನಾನು ಹಿಂದ ಬಂದೆ, ಹಿಂದ ಆಕು" ಎಂದರು. ಹಾಗೆಯೇ ಹಾಕಿಸುತ್ತಿದ್ದೇನೆ.

ಯಳಂದೂರಿಗೆ ಫೋನ್ ಮಾಡುತ್ತೇನೆಂದಾಗ ಬೇಡ ಎಂದು ತಲೆಯಾಡಿಸಿದರು. ಅದು ಬೇಡವೆಂಬುದೇ ಎಂದು ಈ ಸಲ ನನಗೆ ಸರಿಯಾಗಿಯೇ ಗೊತ್ತಾಯಿತು, ಆದರೂ ಮಾಡಿದೆ. ಗೌರಮ್ಮ ಪೂರ್ತಿ ಕೇಳಿಸಿಕೊಂಡು, "ನೀನಾ?" ಎಂದು ಬಹಳ ಹೊತ್ತು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಮಾದಯ್ಯ ಪಕ್ಕದಲ್ಲವ್ನಾ? ಕೊಡು" ಎಂದರು. ಮೇಷ್ಟ್ರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅತ್ತಲಿಂದ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಇವರು "ಹೂಂ ಕನವ್ವ, ಹೂಂ, ಬತ್ತೀನಿ" ಎಂದಷ್ಟೇ ಅಂದು, ಫೋನ್ ಕೊಟ್ಟು, ಲೋಟದಿಂದ ಹಲ್ಲು ತೆಗೆದು ತೊಟ್ಟುಕೊಂಡರು. "ಊಟಕ್ಕ ಕರುದ್ರು" ಎಂದರು.

ಮೂರು ಗಂಟೆಯ ಬಸ್ಸಿಗೆ ಬೀಳ್ಕೊಡಲು ಬೇಡವೆಂದರೂ ರಸ್ತೆಯವರೆಗೆ ಬಂದರು. ಗಾಳಿಗೆ ಪಂಚೆ ಹಿಡಿದುಕೊಂಡು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಿಂತಿದ್ದರು. ಇದ್ದಕ್ಕಿದ್ದ ಹಾಗೆ ತೋರುಬೆರಳನ್ನು, ಮುಹೂರ್ತದ ಹಿರಿಯರ ಹಾಗೆ, ನೆಟ್ಟಗೆ ಮೇಲಕ್ಕೆ ಎತ್ತಿದರು. ನನ್ನ ಕೈ ತಾನಾಗಿ ಪೆಟ್ಟಿಗೆಯ ಕೊಂಡಿಗೆ ಹೋಯಿತು. ತಿರುವಿನಲ್ಲಿ ಬಸ್ಸು ಬರುತ್ತಿತ್ತು. ಅವರು ನಿಲ್ಲಿಸಲು ಕೈ ಮಾಡಿದ್ದರು. ನನ್ನ ಕೈಯನ್ನು ನೋಡಿ ನಕ್ಕರು.

ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬಸ್ಸು ಹೊರಟು ಹೊಲಿಗೆ ಅಂಗಡಿಯ ಬೀದಿ ದಾಟಿದ ಮೇಲೆ ಹಿಂದಿರುಗಿ ನೋಡಿದೆ. ಮೇಷ್ಟ್ರು ರಸ್ತೆಯ ಅಂಚಿನಲ್ಲೇ ನಿಂತಿದ್ದರು. ಬೆರಳು ಇನ್ನೂ ಮೇಲೆಯೇ ಇತ್ತು. ಆ ರಸ್ತೆಯಲ್ಲಿ ಈಗ ನಿಲ್ಲಿಸಬೇಕಾದ ಬಸ್ಸು ಯಾವುದೂ ಇರಲಿಲ್ಲ.